ಅಜ್ಜಿಯನ್ನು ಬೀಳಿಸಿದ ಕನ್ನಡ

ಗೆಳೆಯರೇ, ಆಟೋದಲ್ಲಿ ಕೂತು ಟೈಪ್ ಮಾಡುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇವತ್ತು ಬೆಳಿಗ್ಗೆ ಅಹಮದಾಬಾದಿನ ವಟ್ವಾದ ನಮ್ಮ ಬ್ಯಾಂಕಿನಲ್ಲಿ ಕೂತಿದ್ದೆ. ಈ ಊರಿನಲ್ಲೇ ಬೆಳೆದ ಮಗಳು ಸಿರಿಯಿಂದ ವಾಯ್ಸ್ ಮೆಸೇಜ್ ಬಂತು: "ಅಮ್ಮ, ಅಜ್ಜೀನ ದೇವಸ್ಥಾನದ ಹತ್ರ ಬೀಳಿಸ್ದೆ. ನಾನು ಕಾಲೇಜಿಗೆ ಹೋಗ್ತಿದೀನಿ."

ನಮ್ಮತ್ತೆಗೆ ಎಪ್ಪತ್ತೆಂಟು ವರ್ಷ, ಹೋದ ವರ್ಷವಷ್ಟೇ ಮಂಡಿ ಆಪರೇಷನ್ ಆಗಿದೆ. ಅವರನ್ನು ಸ್ಕೂಟರಿನಿಂದ ಬೀಳಿಸಿ, ಅಲ್ಲೇ ಬಿಟ್ಟು ಕಾಲೇಜಿಗೆ ಹೋದಳೇ? ಮಗಳೂ ಫೋನ್ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. ಮ್ಯಾನೇಜರಿಗೆ ಏನು ಹೇಳಿದೆನೋ ನೆನಪಿಲ್ಲ, ಆಟೋ ಹತ್ತಿದೆ. ಮನೆ, ದೇವಸ್ಥಾನ ಎರಡೂ ಇರುವ ಬೋಪಾಲ್ ಬಡಾವಣೆಯವರೆಗೂ ಪ್ರತಿ ಸಿಗ್ನಲ್‌ನಲ್ಲಿ ಫೋನ್ ಮಾಡಿದೆ, "ಜಲ್ದಿ ಕರೋ ಭಾಯ್" ಎಂದು ಡ್ರೈವರನ ಪ್ರಾಣ ತಿಂದೆ.

ದೇವಸ್ಥಾನದಲ್ಲಿ ಅತ್ತೆ ಭಜನೆಯವರ ನಡುವೆ ಕೂತು ತಾಳ ಹಾಕುತ್ತಿದ್ದರು.

"ಅತ್ತೆ, ಬಿದ್ರಂತೆ! ಏಟಾಯ್ತಾ?"

"ಯಾರಮ್ಮ ಹೇಳಿದ್ದು? ಸಿರಿ ಹುಷಾರಾಗಿ ಕರ್ಕೊಂಡು ಬಂದು ಬಿಟ್ಟು ಹೋದ್ಲಲ್ಲ."

ಆಗ ಹೊಳೆಯಿತು. 'ಡ್ರಾಪ್ ಮಾಡಿದೆ' ಅನ್ನುವುದನ್ನು ಮಗಳು ಕನ್ನಡಕ್ಕೆ ತಂದಿದ್ದಳು. ಮನೆಯವರ ಜೊತೆ ಒಂದೂ ಇಂಗ್ಲಿಷ್ ಪದ ಆಡಕೂಡದು ಎಂದು ಮೊನ್ನೆ ಕಟ್ಟಪ್ಪಣೆ ಮಾಡಿದವಳು ನಾನೇ.

ಅಷ್ಟರಲ್ಲಿ ಇನ್ನೊಂದು ಮೆಸೇಜ್: "ಅಮ್ಮ, ಹನ್ನೆರಡು ಗಂಟೆಗೆ ಬಂದು ಅಜ್ಜೀನ ಎತ್ತುತೀನಿ."

ಅತ್ತೆಗೂ ಕೇಳಿಸಿದೆ. ತಾಳ ಮಾತ್ರ ನಿಲ್ಲಿಸಲಿಲ್ಲ. "ಬೀಳಿಸಿದೋಳೇ ಎತ್ಲಿ ಬಿಡು. ನೀನು ಬ್ಯಾಂಕಿಗೆ ಹೋಗು."