ದಿನಕ್ಕೊಂದು ತಿರುವು ಇಳಿಸುವ ದಯಾನಂದ

ಬೆಳಗಿನ ಆರು ಗಂಟೆ. ಕೊಟ್ಟಿಗೆಹಾರದ ಸರ್ಕಲ್ಲಿನಲ್ಲಿ ನೀರುದೋಸೆಯ ಕಾವಲಿ ಈಗಷ್ಟೇ ಬಿಸಿಯಾಗುತ್ತಿದೆ. ಹದಿನೆಂಟು ಸೀಟಿನ ಬಿಳಿ ಟೆಂಪೊ ಟ್ರಾವೆಲರ್ ಒಂದು ಚಾರ್ಮಾಡಿ ಘಾಟಿಯ ಕಡೆ ಮುಖ ಮಾಡಿ ನಿಂತಿದೆ. ಒಳಗಿರುವುದು ಇಬ್ಬರೇ. ಸ್ಟಿಯರಿಂಗ್ ಹಿಡಿದು ದಯಾನಂದ. ಪಕ್ಕದ ಸೀಟಿನಲ್ಲಿ ಸೆರಗು ಬಿಗಿಯಾಗಿ ಹೊದ್ದು, ಎರಡೂ ಕೈಯಲ್ಲಿ ಮುಂದಿನ ಕಂಬಿ ಹಿಡಿದುಕೊಂಡ ಮರಿಯಮ್ಮ.

"ಇವತ್ತು ಎಷ್ಟು ಮರಿಯಕ್ಕ?"

"ಆರು."

"ಆರೇ ಮತ್ತೆ. ಏಳನೇದಕ್ಕೆ ನೀವು ಕೈ ಮುಗಿದ್ರೂ ಹೋಗಲ್ಲ."

"ನಿಂಗ್ಯಾಕೆ ಕೈ ಮುಗೀಲಿ, ನೀನೇನು ದೇವ್ರಾ. ಹೊರಡು ಮಾರಾಯ."

ಗಾಡಿ ಇಳಿಯುತ್ತದೆ. ಪ್ರತಿ ತಿರುವು ಬರುವ ಮೊದಲೇ ಮರಿಯಮ್ಮ ಗಟ್ಟಿಯಾಗಿ ಹೇಳಬೇಕು, ಆಮೇಲೆಯೇ ದಯಾನಂದ ತಿರುಗಿಸಬೇಕು. ಇದು ಇಬ್ಬರ ನಡುವಿನ ಕರಾರು. "ಬಲಕ್ಕೆ, ಮೋರಿ ಇರೋದು." "ಎಡಕ್ಕೆ, ಮಂಗಗಳು ಕೂರೋದು." ತಿರುವುಗಳಿಗೆ ಹೆಸರಿಟ್ಟವರೂ ಅವರೇ. ಆರನೆಯದು ದಾಟಿ ರಸ್ತೆ ಅಗಲವಾದ ಕಡೆ ಗಾಡಿ ತಿರುಗಿಸಿಕೊಂಡು ದಯಾನಂದ ಮತ್ತೆ ಘಾಟಿ ಹತ್ತುತ್ತಾರೆ. ಏಳರೊಳಗೆ ವಾಪಸ್ ಸರ್ಕಲ್. ಮರಿಯಮ್ಮ ಇಳಿದು ಹೊಟ್ಟೆ ಮುಟ್ಟಿ ನೋಡಿಕೊಂಡು, "ಇದೆ, ತಿಂದಿದ್ದು ಅಲ್ಲೇ ಇದೆ" ಅನ್ನುತ್ತಾರೆ. ಏಳೂವರೆಗೆ ತೋಟದಲ್ಲಿ ಮೆಣಸು ಕುಯ್ಯುವ ಕೆಲಸಕ್ಕೆ ಅವರು ಹಾಜರಿರಬೇಕು.

ಹೋಟೆಲಿನ ಮುಂದೆ ಕಾಫಿ ಕುಡಿಯುವವರಿಗೆ ಇದೊಂದು ತಮಾಷೆ. "ಏನ್ ದಯಣ್ಣ, ಮರಿಯಕ್ಕಂಗೆ ಡ್ರೈವಿಂಗ್ ಕಲಿಸ್ತಿದೀಯಾ?"

"ಇಲ್ಲಪ್ಪ, ಅವ್ರೇ ನಂಗೆ ಕಲಿಸ್ತಿರೋದು."

ನಗುವವರು ನಗಲಿ. ಜಾವಳಿ ಸಮೀಪದ ತೋಟವೊಂದರಲ್ಲಿ ನಲವತ್ತು ವರ್ಷ ಕಾಫಿ ಕುಯ್ದ ಮರಿಯಮ್ಮನಿಗೆ ಈಗ ಅರವತ್ತೊಂದು. ಒಬ್ಬಳೇ ಮಗಳು ಶಿಲ್ಪಾಳನ್ನು ಕುಂದಾಪುರದ ಆಚೆ ಮರವಂತೆಗೆ ಕೊಟ್ಟಿದ್ದಾರೆ. ಮಗಳು-ಅಳಿಯ ಅಲ್ಲಿ ಹೆದ್ದಾರಿಯ ಪಕ್ಕ ಏಳು ವರ್ಷದಿಂದ ಮೀನೂಟದ ಸಣ್ಣ ಹೋಟೆಲ್ ನಡೆಸುತ್ತಿದ್ದಾರೆ. ದಾರಿಹೋಕರು ಊರೂರಿನಿಂದ ಬಂದು ಉಂಡು ಹೋಗುವ ಆ ಹೋಟೆಲನ್ನು ಹೆತ್ತ ತಾಯಿ ಒಮ್ಮೆಯೂ ನೋಡಿಲ್ಲ. ಕಾರಣ ಈ ಘಾಟಿ. ಎರಡನೇ ತಿರುವಿಗೇ ಕರುಳು ಬಾಯಿಗೆ ಬರುವಂಥ ವಾಂತಿ, ಕಣ್ಣು ಕತ್ತಲೆ. ಮೂರು ಸಲ ಹೊರಟು ಮೂರು ಸಲವೂ ಅರ್ಧದಲ್ಲೇ ಇಳಿದಿದ್ದಾರೆ. ಪ್ರತಿ ವರ್ಷ ಮಗಳೇ ಘಟ್ಟ ಹತ್ತಿ ಬರಬೇಕು.

ಮೂರನೇ ಸಲ ಅವರು ಇಳಿದದ್ದು ದಯಾನಂದ ಅವರ ಗಾಡಿಯಿಂದಲೇ, ಮೂರು ವರ್ಷದ ಹಿಂದೆ. "ಅಕ್ಕ ರಸ್ತೆ ಬದಿ ಕಟ್ಟೆ ಮೇಲೆ ಕೂತು, ನೀವೆಲ್ಲ ಹೋಗ್ರೋ ಅಂದ್ರು. ಹಾಲಿನ ವ್ಯಾನಿಗೆ ಹತ್ತಿಸಿ ಮೇಲೆ ಕಳಿಸ್ದೆ. ಮಗಳಿಗೆ ಅಂತ ತಂದಿದ್ದ ಉಪ್ಪಿನಕಾಯಿ ಭರಣಿ ನನ್ನ ಕೈಗೆ ಕೊಟ್ಟು ಕಳಿಸಿದ್ರು. ಆ ಭರಣಿ ಶಿಲ್ಪಾ ಕೈಗೆ ಕೊಡುವಾಗ ಆಕೆ ಮುಖ ನೋಡೋಕಾಗ್ಲಿಲ್ಲ ನಂಗೆ."

ಕುಯ್ಲು ಮುಗಿದ ಮೇಲೆ ತೋಟದವರು ಕೂಲಿಯವರಿಗೆ ಎರಡು ದಿನದ ಕಡಲ ತೀರದ ಟೂರ್ ಕೊಡುವುದು ಈ ಕಡೆ ಕೆಲವು ಎಸ್ಟೇಟುಗಳ ರೂಢಿ. ಹತ್ತು ತಿಂಗಳು ಜಿಗಣೆಗೆ ರಕ್ತ ಕೊಟ್ಟವರಿಗೆ ಎರಡು ದಿನ ಸಮುದ್ರ ತೋರಿಸಿ ಅದರ ಫೋಟೋವನ್ನು ವರ್ಷಪೂರ್ತಿ ತೋರಿಸುವ ಧಣಿಗಳೂ ಇದ್ದಾರೆ, ಇರಲಿ. ಟೂರ್ ಸಿಗುವುದು ಎಸ್ಟೇಟಿನ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ ಮಾತ್ರ. ವಯಸ್ಸಾದ್ದರಿಂದ ಮರಿಯಮ್ಮನ ಹೆಸರು ಅಲ್ಲಿ ಈ ವರ್ಷಕ್ಕೆ ಮುಗಿಯುತ್ತದೆ. ಈ ಸಲದ ಪಟ್ಟಿಯಲ್ಲಿ ಮರವಂತೆ ಇದೆ, ಎರಡನೇ ದಿನದ ಊಟ ಶಿಲ್ಪಾಳ ಹೋಟೆಲಿನಲ್ಲೇ ಎಂದು ಮಾತಾಗಿದೆ. ಈ ಸಲ ಇಳಿಯಲಾಗದಿದ್ದರೆ ಇನ್ನು ಇಲ್ಲ. ಅದು ದಯಾನಂದ ಅವರ ತಲೆಗೆ ಹೊಕ್ಕುಬಿಟ್ಟಿದೆ.

ದಯಾನಂದ ಜಾವಳಿಯವರೇ, ವಯಸ್ಸು ನಲವತ್ತೈದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಯಾತ್ರೆಯ ಬಸ್ಸಿಗೆ ಕ್ಲೀನರ್ ಆಗಿ ಸೇರಿದವರು. "ಕ್ಲೀನರ್ ಅಂತಾರೆ, ಎಂತ ಕ್ಲೀನ್ ಮಾಡ್ತಾನೆ ಅಂತ ಯಾರೂ ಕೇಳಲ್ಲ. ಘಾಟಿ ಇಳಿದ ಕೂಡ್ಲೇ ಬಕೆಟ್ ಹಿಡ್ಕೊಂಡು ಸೀಟು ತೊಳೆಯೋದು. ಡ್ರೈವರ್‌ಗಳು ಬ್ರೇಕ್ ಮೇಲೆ ಬ್ರೇಕ್ ಒತ್ತೋರು, ತೊಳೆಯೋನು ನಾನು. ಅವತ್ತೇ ಅಂದ್ಕೊಂಡೆ, ನನ್ನ ಕೈಗೆ ಗಾಡಿ ಬಂದ್ರೆ ಹಿಂದೆ ಒಬ್ಬ ತೊಳೆಯೋ ಹಾಗೆ ಓಡಿಸಬಾರದು ಅಂತ."

ಇಪ್ಪತ್ತೆರಡು ವರ್ಷದಿಂದ ಹಾಗೆಯೇ ಓಡಿಸುತ್ತಿದ್ದಾರೆ. ಗಾಡಿ ಮೂಡಿಗೆರೆಯ ವ್ಯಾಪಾರಿ ಏಕಾಂತಪ್ಪನವರದು. ವಾರದ ದಿನಗಳಲ್ಲಿ ಬೆಳಿಗ್ಗೆ ಎರಡು ಟ್ರಿಪ್ ತೋಟದ ಕೂಲಿಯವರು, ಒಂದು ಟ್ರಿಪ್ ಶಾಲೆ ಮಕ್ಕಳು, ಸಂಜೆ ಅಷ್ಟೇ ಮತ್ತೆ. ದಿನಕ್ಕೆ ನೂರೈವತ್ತು ಕಿಲೋಮೀಟರಿಗೆ ಕಮ್ಮಿ ಇಲ್ಲ. ಶನಿವಾರ, ಭಾನುವಾರ ಬಾಡಿಗೆ ಸಿಕ್ಕರೆ ಕಡಲ ಕಡೆ. ಕ್ಲಚ್ ಒತ್ತಿ ಒತ್ತಿ ಎಡಮೊಣಕಾಲು ಊದಿಕೊಳ್ಳುತ್ತದೆ, ಮಳೆಗಾಲದಲ್ಲಿ ಹೆಚ್ಚು. ಕರಾವಳಿಗೆ ಎಷ್ಟು ಸಲ ಇಳಿದಿದ್ದೀರಿ ಎಂದರೆ ಮುನ್ನೂರರ ಮೇಲೆ ಲೆಕ್ಕ ಬಿಟ್ಟಿದ್ದಾರೆ.

ಅವರ ಗಾಡಿಗೆ ಅವರದೇ ಕಾನೂನು. ಊದುಬತ್ತಿ ಒಳಗೆ ಹಚ್ಚುವಂತಿಲ್ಲ, ಹೊರಗಡೆ ಬಂಪರಿಗೆ ತೋರಿಸಿ ಮುಗಿಸಬೇಕು. ಖಾಲಿ ಹೊಟ್ಟೆಯಲ್ಲಿ ಯಾರೂ ಹತ್ತಬಾರದು, ಎಣ್ಣೆಯಿಲ್ಲದ ಒಂದು ಅಕ್ಕಿರೊಟ್ಟಿಯಾದರೂ ಒಳಗೆ ಹೋಗಿರಬೇಕು. ವಾಂತಿಗೆಂದು ಪ್ಲಾಸ್ಟಿಕ್ ಕವರ್ ಹಂಚುವುದಂತೂ ಖಂಡಿತ ಇಲ್ಲ. "ಕವರ್ ಕಂಡ್ರೇ ವಾಂತಿ ಬರೋದು. ಕೈಗೆ ಕವರ್ ಕೊಟ್ಟು ಆರಾಮಾಗಿರಿ ಅಂದ್ರೆ ಯಾರ್ ಆರಾಮಾಗಿರ್ತಾರೆ?"

ಇಷ್ಟು ತಿಳಿದವರೂ ಎಡವಿದ ಕಥೆ ಕೇಳಿ. ಡ್ರೈವರ್ ಆದ ಮೊದಲ ವರ್ಷ, ಮಲ್ಪೆಯಲ್ಲಿ ಗಾಡಿಯನ್ನು ಸೀದಾ ಮರಳಿನ ಮೇಲೆ ನಿಲ್ಲಿಸಿ ಊಟಕ್ಕೆ ಹೋದರು. ಆಕಾಶ ಶುಭ್ರ, ಎಲ್ಲೂ ಮಳೆಯಿಲ್ಲ. ಹೇಮಾವತಿಯನ್ನೂ ಭದ್ರೆಯನ್ನೂ ನೋಡಿ ಬೆಳೆದ ಘಟ್ಟದವರಿಗೆ ಮಳೆ ಬಾರದೆ ನೀರು ಏರುವುದುಂಟೇ? ಊಟ ಮುಗಿಸಿ ಬರುವಾಗ ಉಬ್ಬರದ ಅಲೆ ಚಕ್ರ ಮುಳುಗಿಸಿ ಬಾಗಿಲಿನ ಮೆಟ್ಟಿಲು ನೆಕ್ಕುತ್ತಿತ್ತು. ಮೀನುಗಾರರು ಹಗ್ಗ ಹಾಕಿ ಎಳೆದುಕೊಟ್ಟರು. "ಘಟ್ಟದ್ ಮೇಲಿನವ್ರಾ ನೀವು?" ಎಂದೊಬ್ಬರು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಏಕಾಂತಪ್ಪನವರು ಒಂದು ವಾರ ಕೀಲಿಕೈ ಕೊಡಲಿಲ್ಲ.

ಅಷ್ಟಾದರೂ ಮರಿಯಮ್ಮನ ವಾಂತಿಗೆ ಅವರಲ್ಲಿ ಮದ್ದಿರಲಿಲ್ಲ. ಲಿಂಬೆಹಣ್ಣು, ಶುಂಠಿ, ಹೊಟ್ಟೆಗೆ ಪೇಪರ್ ಕಟ್ಟುವುದು ಎಲ್ಲ ಆಗಿತ್ತು. ಈ ಕುಯ್ಲಿನಲ್ಲಿ ಒಂದು ದಿನ ಅವರ ಕಣ್ಣಿಗೆ ಬಿದ್ದದ್ದು ತೋಟದ ಟ್ರ್ಯಾಕ್ಟರ್. ಮೂಟೆಗಳ ನಡುವೆ ಟ್ರೈಲರಿನಲ್ಲಿ ನಿಂತ ಮರಿಯಮ್ಮ, ಮೂಳೆ ಕಳಚುವಂಥ ರಸ್ತೆಯಲ್ಲಿ, "ಕಲ್ಲಿದೆ, ಎಡಕ್ಕೆ ತಗಳೋ" ಎಂದು ಟ್ರ್ಯಾಕ್ಟರಿನವನಿಗೆ ಬೈಯುತ್ತಾ ಬರುತ್ತಿದ್ದರು. ಮುಖದಲ್ಲಿ ಸುಸ್ತಿನ ಸುಳಿವೇ ಇಲ್ಲ.

"ಡ್ರೈವರ್‌ಗೆ ಯಾಕೆ ವಾಂತಿ ಬರಲ್ಲ ಹೇಳಿ? ಮುಂದೆ ಎಂತ ಬರುತ್ತೆ ಅಂತ ಅವನಿಗೆ ಗೊತ್ತಿರುತ್ತೆ. ಹಿಂದೆ ಕೂತೋರಿಗೆ ಗೊತ್ತಿರಲ್ಲ. ಮರಿಯಕ್ಕಂಗೂ ಗೊತ್ತು ಮಾಡಿಸಿದ್ರೆ ಆಯ್ತಲ್ಲ ಅನ್ನಿಸ್ತು."

ಹಾಗೆ ಶುರುವಾದದ್ದು ಈ ದಿನಕ್ಕೊಂದು ತಿರುವು. ಘಾಟಿಯಲ್ಲಿ ಸಣ್ಣಪುಟ್ಟವು ಬಿಟ್ಟು ದೊಡ್ಡ ತಿರುವು ಹನ್ನೊಂದು ಎಂಬುದು ದಯಾನಂದ ಅವರ ಲೆಕ್ಕ. ಮೊದಲ ದಿನ ಒಂದು, ಎರಡನೇ ದಿನ ಎರಡು. ಬಾಡಿಗೆ ಇಲ್ಲದೆ ಮೀಟರ್ ಓಡಿದ್ದು ಏಕಾಂತಪ್ಪನವರಿಗೆ ತಿಳಿದು, ಕರೆಸಿ ಕೇಳಿದರು. ಎಲ್ಲ ಕೇಳಿಸಿಕೊಂಡು, "ನೀನು ಡ್ರೈವರ್ರೋ, ಮೇಷ್ಟ್ರೋ?" ಅಂದರಂತೆ. ಕೀಲಿಕೈ ಮಾತ್ರ ವಾಪಸ್ ಕೇಳಲಿಲ್ಲ.

ಒಂಬತ್ತು ತಿರುವು ಮುಗಿದ ಮೇಲೆ ಎರಡು ಬೆಳಿಗ್ಗೆ ಎದುರಿನ ಕೈ ಕಾಣದಂಥ ಮಂಜು, ಗಾಡಿ ಇಳಿಯಲಿಲ್ಲ. ಟೂರಿನ ಶನಿವಾರ ಬಂದೇಬಿಟ್ಟಿತು. ಹತ್ತು, ಹನ್ನೊಂದು ಉಳಿದುಹೋದವು.

ಶನಿವಾರ ಗಾಡಿ ತುಂಬ ಹೆಂಗಸರು, ಹೊಸ ಸೀರೆ, ಮಲ್ಲಿಗೆ. ತೋಟದ ಸಾಲಿನಲ್ಲಿ ಮರಿಯಮ್ಮನ ಪಕ್ಕವೇ ಕುಯ್ಯುವ ಸುಕನ್ಯಾ ಹಿಂದಿನಿಂದ ಕಾಲೆಳೆಯುತ್ತಾರೆ. "ಮುಂದಿನ ಸೀಟು ನಿಮಗೇ ಬರೆದುಕೊಟ್ಟಿದಾರಾ ಮರಿಯಕ್ಕ?"

"ನೀನು ಬಂದು ತಿರುವು ಹೇಳು, ಬಿಟ್ಟುಕೊಡ್ತೀನಿ."

ಒಂಬತ್ತನೆಯವರೆಗೂ ಗಾಡಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಹತ್ತನೆಯದಕ್ಕೆ ಹೊರಳುವಾಗ ನಟ್ಟನಡು ರಸ್ತೆಯಲ್ಲಿ ಒಂದು ಕಾರು ನಿಂತಿದೆ. ಬಾಗಿಲು ನಾಲ್ಕೂ ತೆರೆದು, ಹಾಡು ಹಾಕಿಕೊಂಡು, ಕಣಿವೆಗೆ ಬೆನ್ನು ಮಾಡಿ ನಾಲ್ವರು ಸೆಲ್ಫಿ ತೆಗೆಯುತ್ತಿದ್ದಾರೆ. ತಿರುವು ಅವರ ಅಪ್ಪನ ಅಂಗಳ. ದಯಾನಂದ ಬ್ರೇಕ್ ಒತ್ತಲೇಬೇಕಾಗುತ್ತದೆ. ಗಾಡಿ ಜಗ್ಗಿ ನಿಲ್ಲುತ್ತದೆ. ಹಿಂದಕ್ಕೆ ತೆಗೆಯಬೇಕು, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಮರಿಯಮ್ಮನ ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅವರ ಕೈ ಕಂಬಿ ಬಿಟ್ಟು ಬಾಗಿಲಿನ ಹಿಡಿಗೆ ಹೋಗುತ್ತದೆ.

ದಯಾನಂದ ಇಂಜಿನ್ ಆಫ್ ಮಾಡುತ್ತಾರೆ. ಹೇಗಿದೆ ಎಂದು ಕೇಳುವುದಿಲ್ಲ, ನೀರು ಕೊಡುವುದಿಲ್ಲ. ಕಾರಿನವರು ಸಾವಕಾಶ ಹತ್ತಿ ಹೊರಡುತ್ತಾರೆ. ಆಮೇಲೆ ದಯಾನಂದ ರಸ್ತೆ ನೋಡುತ್ತಲೇ ಕೇಳುತ್ತಾರೆ. "ಮುಂದೆ ಎತ್ಲಾಗೆ ಅಕ್ಕ?"

"ನಂಗೆಂತ ಗೊತ್ತು. ಇದು ನಾ ನೋಡಿದ್ದಲ್ಲ."

"ನೋಡಿ ಹೇಳಿ. ನೀವು ಹೇಳದೆ ನಾ ಎತ್ತಲ್ಲ."

ಮರಿಯಮ್ಮ ಕಿಟಕಿಯಿಂದ ಕತ್ತು ಹೊರಹಾಕಿ ಕೆಳಗಿನ ರಸ್ತೆ ಹುಡುಕುತ್ತಾರೆ. ಮರಗಳ ಸಂದಿಯಲ್ಲಿ ಒಂದು ಲಾರಿ ಹತ್ತಿ ಬರುವುದು ಕಾಣುತ್ತದೆ. ಅದು ಬರುವ ದಾರಿಯನ್ನೇ ಕಣ್ಣಲ್ಲಿ ಹಿಡಿದು ಹೇಳುತ್ತಾರೆ. "ಎಡಕ್ಕೆ. ಲಾರಿ ಬರ್ತಿದೆ, ಅದು ಹೋಗ್ಲಿ." ಲಾರಿ ಹೋಗುತ್ತದೆ. "ಈಗ ಹೋಗು." ಹನ್ನೊಂದನೆಯದಕ್ಕೆ ಅವರ ಕೈ ತಾನಾಗಿ ಕಂಬಿಗೆ ಬರುತ್ತದೆ. "ಬಲಕ್ಕೆ." ಘಾಟಿ ಮುಗಿದು ಕೆಳಗಿನ ಸೆಕೆ ಮುಖಕ್ಕೆ ಬಡಿದಾಗ ಹಿಂದಿನಿಂದ ಸುಕನ್ಯಾ ಬಂದು ಅವರ ಹೆಗಲು ಹಿಡಿದುಕೊಳ್ಳುತ್ತಾರೆ.

ಆಮೇಲಿನದೆಲ್ಲ ಹಬ್ಬ. ಪಣಂಬೂರಿನಲ್ಲಿ ಮೊದಲ ಸಲ ಸಮುದ್ರ ಕಂಡ ಮರಿಯಮ್ಮ ಅಂಗೈಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿ, "ಇಷ್ಟು ನೀರಿಟ್ಕೊಂಡು ಒಂದು ಗುಟುಕು ಕುಡಿಯೋಕಾಗಲ್ವಾ, ಎಂತ ಲುಕ್ಸಾನು" ಅನ್ನುತ್ತಾರೆ. ಕಾಪುವಿನ ಬಂಡೆ ಮೇಲೆ ಸೀರೆ ಒಣಗಿಸಿಕೊಳ್ಳುತ್ತಾ ಬಿಸಿ ಗೋಳಿಬಜೆ ತಿನ್ನುತ್ತಾರೆ. ಮಲ್ಪೆಯ ದಕ್ಕೆಯಲ್ಲಿ ಬೋಟಿನಿಂದ ಇಳಿಯುವ ಬಂಗುಡೆ ನೋಡಿ ಹೆಂಗಸರು ದಂಗಾಗುತ್ತಾರೆ. ಘಟ್ಟ ಹತ್ತಿ ಬರುವ ಮೀನು ಐಸಿನಲ್ಲಿ ಮಲಗಿ ಮಲಗಿ ಕಣ್ಣು ಬೆಳ್ಳಗಾಗಿರುತ್ತದೆ, ಇದರ ಮೈಯಲ್ಲಿ ಇನ್ನೂ ನೀಲಿ ಮಿಂಚಿದೆ. ದಯಾನಂದ ಮಾತ್ರ ಡಾಂಬರು ರಸ್ತೆಯ ಮೇಲೆ, ಗಾಡಿ ಪಕ್ಕ. ಮರಳಿಗೆ ಚಕ್ರ ತಾಗಿಸುವುದಿಲ್ಲ.

ಭಾನುವಾರ ಮಧ್ಯಾಹ್ನ ಮರವಂತೆ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ನೇರ ರಸ್ತೆ. "ತಿರುವೇ ಇಲ್ವಲ್ಲ ಮಾರಾಯ, ನಾನೆಂತ ಹೇಳ್ಲಿ?" ಎಂದು ಮರಿಯಮ್ಮ ಗೊಣಗುತ್ತಾರೆ. ಹೋಟೆಲಿನ ಮುಂದೆ ಗಾಡಿ ನಿಂತಾಗ ಶಿಲ್ಪಾ ಸೌಟು ಕೈಯಲ್ಲಿ ಹಿಡಿದೇ ಹೊರಗೆ ಬರುತ್ತಾಳೆ. ಮುಂದಿನ ಬಾಗಿಲು ತೆಗೆದು ಇಳಿದವರನ್ನು ನೋಡಿ, "ಅಮ್ಮ, ಊಟ ಆಯ್ತಾ?" ಎಂದು ಕೇಳಿಬಿಡುತ್ತಾಳೆ.

"ಹೋಟೆಲ್ ನಿಂದು. ನನ್ನ ಕೇಳ್ತೀಯಾ?"

ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ರವೆ ಹಚ್ಚಿ ಹುರಿದ ಮೀನು. ಮರಿಯಮ್ಮ ತಲೆ ಎತ್ತದೆ ಉಣ್ಣುತ್ತಾರೆ, ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ಎಲೆ ಮಡಚಿದವರು ಕೈ ತೊಳೆದು ನೇರ ಅಡುಗೆಮನೆಗೆ ನಡೆಯುತ್ತಾರೆ. ಹೊರಡುವ ಹೊತ್ತಿಗೆ ದಯಾನಂದ ಕರೆಯಲು ಹೋದರೆ, ಅವರು ನೆಲದ ಮೇಲೆ ಕೂತು ಕಡುಬಿನ ಹಿಟ್ಟು ಉಂಡೆ ಕಟ್ಟುತ್ತಿದ್ದಾರೆ. "ನೀವು ಹೊರಡಿ. ನನ್ನ ಕರ್ಕೊಂಡು ಹೋಗೋಕೆ ಗುರುವಾರ ಬಾ. ಬೇರೆ ಗಾಡಿ ಹತ್ತಲ್ಲ ನಾನು."

ಗುರುವಾರ ಬೆಳಿಗ್ಗೆ, ಶಾಲೆ ಟ್ರಿಪ್ಪಿಗೆ ಬದಲಿ ಗಾಡಿ ಹೊಂದಿಸಿ ದಯಾನಂದ ಗಾಡಿ ಒರೆಸುತ್ತಿರುವಾಗ ಫೋನು ಬರುತ್ತದೆ. ಶಿಲ್ಪಾಳ ನಂಬರ್, ಮರಿಯಮ್ಮನ ದನಿ.

"ಹೊರಟ್ಯಾ?"

"ಹೊರಟೆ ಅಕ್ಕ."

"ಬೇಡ, ಮುಂದಿನ ಗುರುವಾರ ಬಾ. ಇಲ್ಲಿ ನನ್ನ ಕಡುಬು ಕೇಳ್ಕೊಂಡು ಜನ ಬರ್ತಿದಾರೆ. ನಾಲ್ಕೇ ದಿನಕ್ಕೆ ಹೆಂಗೆ ಬಿಟ್ಟು ಬರ್ಲಿ?"

"ಮುಂದಿನ ಗುರುವಾರನೂ ಕೇಳಿದ್ರೆ?"

ಆ ಕಡೆಯಿಂದ ನಗು ಕೇಳುತ್ತದೆ, ಹಿಂದೆ ಸಮುದ್ರವೋ ಲಾರಿಯೋ ತಿಳಿಯದ ಒಂದು ಸದ್ದು. ಫೋನು ಕಟ್ಟಾಗುತ್ತದೆ. ದಯಾನಂದ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಖಾಲಿ ಮುಂದಿನ ಸೀಟು ನೋಡುತ್ತಾರೆ.

"ಹದಿನೆಂಟು ಜನರನ್ನ ಇಳಿಸ್ಕೊಂಡು ಹೋದೆ, ಹದಿನೇಳು ಜನರನ್ನ ಹತ್ತಿಸ್ಕೊಂಡು ಬಂದೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರನ್ನ ಕೆಳಗೆ ಬಿಟ್ಟು ಬಂದಿದ್ದು ಇದೇ ಮೊದಲು. ಬರುವಾಗ ಅಷ್ಟು ಹಗುರ ಅನ್ನಿಸಿದ್ದೂ ಇದೇ ಮೊದಲು."