ಒಂದು ವಠಾರ, ಇಬ್ಬರು ಯಜಮಾನರು

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಶಿಫ್ಟ್ ಮುಗಿದ ಸೈರನ್ ಆದರೂ ಮಷೀನು ಬಿಟ್ಟು ಹೋಗುವ ಹಾಗಿಲ್ಲ. ಮುಂದಿನ ಶಿಫ್ಟಿನವನು, ಅಂದರೆ ನಮ್ಮ ರಿಲೀವರ್, ಬಂದು ಪಕ್ಕದಲ್ಲಿ ನಿಲ್ಲಬೇಕು. ನಾವು ಕೈ ಒರೆಸಿಕೊಂಡು ಮಷೀನಿನ ಯೋಗಕ್ಷೇಮ ಹೇಳಿ, ಸಾಮಾನು ಅವನ ಕೈಗೆ ಕೊಡಬೇಕು. ಅವನು ಎಲ್ಲ ನೋಡಿ ‘ಹೂಂ’ ಅನ್ನಬೇಕು. ಆ ಹೂಂ ಬೀಳುವ ತನಕ ಏನು ಕೆಟ್ಟರೂ ನಮ್ಮ ತಲೆಗೇ. ಯಶವಂತಪುರದಲ್ಲಿ ಎಂಟು ವರ್ಷ ಹೀಗೆ ನಿಂತು ನಿಂತು, ರಿಲೀವರ್ ಮುಖ ಕಂಡರೆ ಸಾಕು, ನನ್ನ ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ ನಾವೊಂದಿಷ್ಟು ಜನ ಸೇರಿ ರಾಜ್ಯೋತ್ಸವಕ್ಕೆ ಒಂದು ನಗೆನಾಟಕ ಆಡುವುದೆಂದಾಯಿತು. ಬರೆದವರು, ಆಡಿಸಿದವರು ಎರಡೂ ನಮ್ಮ ಸ್ಟೋರ್ಸ್ ಗುಮಾಸ್ತರು. ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತಿತ್ತು, ಮತ್ತಿಕೆರೆಯ ಹಾಲ್ ಯಾವ ದಿನ ಸಿಗುತ್ತದೆಂದು ಗೊತ್ತಿರಲಿಲ್ಲ. ಅದಕ್ಕೆ ಅವರು ಕಾರ್ಖಾನೆಯ ಪದ್ಧತಿಯನ್ನೇ ತಂದರು. ಒಂದೊಂದು ಪಾತ್ರಕ್ಕೆ ಇಬ್ಬಿಬ್ಬರು. ಆವತ್ತು ಯಾರಿಗೆ ಬಿಡುವೋ ಅವರು ಆಡುವುದು.

ನನ್ನದು ವಠಾರದ ಯಜಮಾನನ ಪಾತ್ರ. ಜಿಪುಣ, ಜಗಳಗಂಟ. ಮಷೀನಿನಲ್ಲಿ ನನ್ನ ರಿಲೀವರ್ ಆಗಿದ್ದವನೇ ಪಾತ್ರಕ್ಕೂ ನನ್ನ ಜೋಡಿ. ಅವನು ಮತ್ತಿಕೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನದವನು, ನಿಜವಾಗಿಯೂ ನಾಲ್ಕು ಬಾಡಿಗೆ ಮನೆಗಳ ಒಡೆಯ. ತನಗೆ ಪ್ರಾಕ್ಟೀಸೇ ಬೇಡ, ಮನೆಯಲ್ಲಿ ದಿನಾ ಆಡುತ್ತಿದ್ದೇನೆ ಅನ್ನುತ್ತಿದ್ದ. ಆದರೂ ಒಂದು ದಿನವೂ ತಪ್ಪಿಸಲಿಲ್ಲ.

ನಾಟಕದ ಕೊನೆಯಲ್ಲಿ ಯಜಮಾನ ಒಂದು ದೊಡ್ಡ ಹಾಳೆ ತೆಗೆದು ವಠಾರದ ನಿಯಮಗಳನ್ನು ಓದುತ್ತಾನೆ. ಬಾಯಿಪಾಠ ಮಾಡಿ, ಹಾಳೆ ಸುಮ್ಮನೆ ಹಿಡಿದುಕೊಂಡರೆ ಸಾಕು ಅಂತ ಗುಮಾಸ್ತರು ಹೇಳಿದರು. ನಾನು ಒಪ್ಪಲಿಲ್ಲ. ಓದಿಯೇ ಹೇಳುತ್ತೇನೆ ಅಂದೆ. ಅದಕ್ಕೆ ಕಾರಣ ನಮ್ಮ ಮಾವ.

ಹಾವೇರಿ ಕಡೆಯ ನಮ್ಮೂರಲ್ಲಿ ನಾನು ಮೂರನೆಯ ಇಯತ್ತೆಗೇ ಸಾಲೆ ಬಿಟ್ಟು ಹಿಟ್ಟಿನ ಗಿರಣಿ ಸೇರಿದವನು. ಬೆಂಗಳೂರಿಗೆ ಬಂದ ಮೇಲೆ ಸಂಜೆ ಶಾಲೆಗೆ ಹೋಗಿ, ಲೆಕ್ಕದಲ್ಲಿ ಒಂದು ಸಲ ಬಿದ್ದು, ಇಪ್ಪತ್ತೇಳನೆಯ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮುಗಿಸಿದೆ. ಮಾವ ರಿಟೈರಾದ ಹೆಡ್‌ಮಾಸ್ತರರು. ಅವರಿಗೆ ಇದೆಲ್ಲ ಗೊತ್ತಿತ್ತು. ಆದರೂ ನಾನು ಪೇಪರು ಬಿಡಿಸಿ ಕೂತರೆ ಕೈ ಚಾಚಿ ಇಸಿದುಕೊಳ್ಳುತ್ತಿದ್ದರು.

“ಇರ್ಲಿ ಬಿಡ್ರಿ ಅಳಿಯಾರ, ನೀವ್ಯಾಕ ತ್ರಾಸ ತಗೋತೀರಿ. ನಾ ಓದಿ ಹೇಳ್ತೀನಿ.”

ಅದರಲ್ಲಿ ಕುಹಕ ಇರಲಿಲ್ಲ, ಪ್ರೀತಿಯೇ ಇತ್ತು. ಅದಕ್ಕೇ ಹೆಚ್ಚು ಚುಚ್ಚುತ್ತಿತ್ತು. ರಾಜ್ಯೋತ್ಸವದ ಹೊತ್ತಿಗೆ ಅವರು ಗಂಗಾನಗರದ ನಮ್ಮ ಮನೆಗೆ ಬರುವವರಿದ್ದರು. ತುಂಬಿದ ಸಭೆಯ ಮುಂದೆ ನಾನು ಒಂದು ಹಾಳೆ ಹಿಡಿದು ಮೊದಲಿಂದ ಕೊನೆವರೆಗೆ ಓದುವುದನ್ನು ಅವರು ನೋಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಹಾಲ್ ಸಿಕ್ಕ ದಿನ ನನಗೆ ಫಸ್ಟ್ ಶಿಫ್ಟ್, ನನ್ನ ಜೋಡಿಗೆ ಸೆಕೆಂಡ್ ಶಿಫ್ಟ್. ಅಂದರೆ ಪಾತ್ರ ನನ್ನದೇ. ಸಂಜೆ ಆರಕ್ಕೆ ನಾಟಕ. ಮಾವ ಕೋಟು, ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ, ನನ್ನ ಹೆಂಡತಿಯ ಪಕ್ಕ ಕೂತರು. ನಮ್ಮ ಗುಂಪಿಗೆ ಇದ್ದದ್ದು ಒಂದೇ ಅಂಟಿಸುವ ಮೀಸೆ. ಅದನ್ನು ಅಂಟಿಸಿಕೊಂಡು, ಕೈಯಲ್ಲಿ ಬೆತ್ತ, ಸೊಂಟದಲ್ಲಿ ಹಾಳೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿದೆ. ಒಂದು ಗಂಟೆ ಚೆನ್ನಾಗಿಯೇ ನಡೆಯಿತು.

ಅತ್ತ ಕಾರ್ಖಾನೆಯಲ್ಲಿ ಮೋಟಾರು ಸುಟ್ಟು ನಮ್ಮ ಸೆಕ್ಷನ್ ನಿಂತುಹೋಗಿತ್ತಂತೆ. ಸೂಪರ್‌ವೈಸರು ಎಲ್ಲರನ್ನೂ ಮನೆಗೆ ಕಳಿಸಿದ್ದರು. ನನ್ನ ಜೋಡಿ ನಾಟಕ ನೋಡೋಣವೆಂದು ಸೈಕಲ್ ಹತ್ತಿ ಬಂದವನು ನೇರ ಪರದೆಯ ಪಕ್ಕಕ್ಕೆ ಬಂದು ನಿಂತ. ಮೈಮೇಲೆ ಇನ್ನೂ ಕಾರ್ಖಾನೆಯ ಖಾಕಿ ಪ್ಯಾಂಟು, ಖಾಕಿ ಶರ್ಟು.

ನಾನು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತು ಬಾಡಿಗೆದಾರನಿಗೆ ಬೈಯುತ್ತಿದ್ದೆ. ತಲೆ ತಿರುಗಿಸಿದಾಗ ಆ ಮುಖ, ಆ ಖಾಕಿ ಕಂಡಿತು. ಮುಂದೆ ಆದದ್ದಕ್ಕೆ ನನ್ನ ಬುದ್ಧಿ ಜವಾಬ್ದಾರಿಯಲ್ಲ. ಎದ್ದು ನಿಂತೆ. ಪಂಚೆಗೆ ಕೈ ಒರೆಸಿದೆ. ಅವನ ಬಳಿ ಹೋಗಿ, ಮಷೀನಿನ ಸದ್ದಿನಲ್ಲಿ ಕೂಗಿ ಅಭ್ಯಾಸವಾದ ಗಂಟಲಲ್ಲಿ ಹೇಳಿದೆ.

“ಎಲ್ಲಾ ಸರಿ ಐತಿ. ಎಡಗಡೆ ಬೇರಿಂಗ್ ಒಂದೀಟು ಸದ್ದು ಮಾಡಾಕತ್ತೈತಿ, ನೋಡ್ಕೊ.”

ಬೆತ್ತ ಕೊಟ್ಟೆ. ಹಾಳೆ ಕೊಟ್ಟೆ. ಮೀಸೆಯನ್ನೂ ಕಿತ್ತು ಅಂಗೈಗೆ ಇಟ್ಟೆ.

ಅವನೂ ಅದೇ ಕಾರ್ಖಾನೆಯವನಲ್ಲವೇ. ಯಾವ ಮಾತೂ ಇಲ್ಲದೆ ಎಲ್ಲ ಇಸಿದುಕೊಂಡು, ಮೀಸೆ ಒತ್ತಿಕೊಂಡು, ಖಾಕಿಯಲ್ಲೇ ಹೋಗಿ ನನ್ನ ಕುರ್ಚಿಯಲ್ಲಿ ಕೂತುಬಿಟ್ಟ. ಎದುರಿಗೆ ಕೂತವರೆಲ್ಲ ಕಾರ್ಖಾನೆಯ ಜನವೇ. ಹಾಲ್ ಅಲ್ಲಾಡಿತು. ಹಿಂದಿನ ಸಾಲಿನಲ್ಲಿ ಯಾರೋ ಬಾಯಲ್ಲೇ ಸೈರನ್ ಊದಿದರು.

ಪರದೆಯ ಹಿಂದೆ ಗುಮಾಸ್ತರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅವರನ್ನು ಕಂಡಾಗಲೇ ನನಗೆ ಎಚ್ಚರವಾದದ್ದು. ಹಾಳೆ ಹೋಯಿತು. ಎರಡು ತಿಂಗಳು ದಿನಾ ಓದಿದ ಹಾಳೆಯನ್ನು ನಾನೇ ಕೈಯಾರೆ ಕೊಟ್ಟು ಬಂದಿದ್ದೆ. ಪರದೆಯ ಸಂದಿಯಿಂದ ನೋಡಿದರೆ ಮಾವ ನಗುತ್ತಿರಲಿಲ್ಲ. ನಾನು ಎಲ್ಲಿ ಹೋದೆ ಅಂತ ಮಗಳನ್ನು ಕೇಳುತ್ತಿದ್ದರು.

ನಿಯಮ ಓದುವ ಹೊತ್ತು ಬಂತು. ನನ್ನ ಜೋಡಿ ಗತ್ತಿನಿಂದ ಹಾಳೆ ಬಿಡಿಸಿದ. ಹತ್ತಿರ ಹಿಡಿದ. ದೂರ ಹಿಡಿದ. ಶರ್ಟಿನ ಜೇಬು ತಡಕಿದ. ಕನ್ನಡಕ ಮಷೀನಿನ ಮೇಲೆ ಬಿಟ್ಟು ಬಂದಿದ್ದ. ಎರಡು ನಿಯಮ ನೆನಪಿನಿಂದ ಹೇಳಿದ, ಎರಡೂ ನಾಟಕದ್ದಲ್ಲ, ಅವನ ಮನೆಯವು. ಆಮೇಲೆ ನಿಂತುಹೋದ. ಪರದೆಯ ಕಡೆ ತಿರುಗಿ, ಇಡೀ ಹಾಲಿಗೆ ಕೇಳುವಂತೆ ಕರೆದ.

“ಎಲ್ಲೋಯ್ತೀಯಾ? ನಾನಿನ್ನೂ ಊಂ ಅಂದಿಲ್ಲ ಕಣಯ್ಯ. ಬಾ ಇಲ್ಲಿ.”

ಪದ್ಧತಿ ಪ್ರಕಾರ ಅವನು ಹೇಳಿದ್ದು ಸರಿ. ಮೀಸೆಯಿಲ್ಲದೆ ಹೋಗಿ ಅವನ ಪಕ್ಕ ನಿಂತೆ. ಬಾಡಿಗೆದಾರನ ಪಾತ್ರದವನು ಚುರುಕಿನ ಮನುಷ್ಯ.

“ಅಲ್ಲ ಸ್ವಾಮಿ, ನಲ್ಲಿ ನೀರಿಗೆ ನಾನ್ ಯಾರನ್ನ ಕೇಳ್ಲಿ? ಮೀಸೆ ಇರೋ ಯಜಮಾನ್ರನ್ನಾ, ಇಲ್ದೆ ಇರೋರನ್ನಾ?”

“ನೀರಿಗೆ ಅವನು, ಬೈಯಾಕೆ ನಾನು,” ಅಂದ ನನ್ನ ಜೋಡಿ, ಹಾಳೆಯನ್ನು ನನ್ನ ಕೈಗೆ ತುರುಕುತ್ತ.

ನಾನು ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ನಲ್ಲಿ ನೀರು ಬೆಳಿಗ್ಗೆ ಆರರಿಂದ ಆರೂವರೆ. ನೀರು ತಡವಾಗಿ ಬಂದರೆ ಅದು ನೀರಿನ ತಪ್ಪು. ಒಗ್ಗರಣೆಯ ವಾಸನೆ ಗೋಡೆ ದಾಟಬಾರದು. ದಾಟಿದರೆ ಒಂದು ಬಟ್ಟಲು ಹುಳಿಯೂ ಹಿಂದೆಯೇ ಬರತಕ್ಕದ್ದು. ಮಕ್ಕಳು ಬಾಡಿಗೆಗೆ ಬಂದ ದಿನ ಇದ್ದಷ್ಟೇ ಎತ್ತರ ಇರತಕ್ಕದ್ದು. ನನ್ನ ಓದು ನಿಧಾನ. ಒಂದೊಂದು ಪದಕ್ಕೂ ನಿಲ್ಲುತ್ತಿದ್ದೆ, ನಿಂತಾಗಲೆಲ್ಲ ಜನ ನಗುತ್ತಿದ್ದರು. ಅದು ನಟನೆ ಅಂದುಕೊಂಡರು. ನಾನು ತಲೆ ಎತ್ತಲಿಲ್ಲ. ಕೊನೆಯ ಸಾಲು ಮುಗಿದಾಗ ಬೆವರು ಹಾಳೆಯ ಮೇಲೆ ಬಿದ್ದು ಶಾಯಿ ಹರಡಿತ್ತು. ನನ್ನ ಜೋಡಿ ಹಾಳೆಯನ್ನು ಮೇಲೆ ಕೆಳಗೆ ನೋಡಿ, “ಊಂ,” ಅಂದ. ಪರದೆ ಬಿತ್ತು.

ಮನೆಗೆ ಬರುವಾಗ ಮಾವ ಗೇಟಿನ ಬಳಿ ನಿಂತು, ಏಳನೆಯ ನಿಯಮವನ್ನು ಎರಡು ಸಲ ಓದಿದಿರಿ ಅಂದರು. ಹೆಡ್‌ಮಾಸ್ತರರು ಎಣಿಸಿಟ್ಟಿದ್ದರು.

ಮೋಟಾರು ರಿಪೇರಿಯಾಗುವ ತನಕ ನಮ್ಮ ಸೆಕ್ಷನ್ನಿಗೆ ರಜೆ. ಮರುದಿನ ಬೆಳಿಗ್ಗೆ ಪೇಪರು ಬಂತು. ಅಭ್ಯಾಸದಂತೆ ನಾನು ತೆಗೆದು ಅವರ ಕಡೆ ಚಾಚಿದೆ. ಅವರು ಕೈ ನೀಡಲಿಲ್ಲ.

“ನೀವ ಓದ್ರಿ ಅಳಿಯಾರ. ನನ್ನ ಚಾಳೀಸ ಊರಾಗ ಉಳೀತು.”

ಚಾಳೀಸಿನ ಕನ್ನಡಕ ಅವರ ಅಂಗಿಯ ಜೇಬಿನಲ್ಲೇ ಇತ್ತು, ಅರ್ಧ ಹೊರಗೆ ಇಣುಕುತ್ತಿತ್ತು. ನಾನು ನೋಡದವನಂತೆ ಮೊದಲ ಪುಟದಿಂದ ಶುರುಮಾಡಿದೆ. ಹೆಂಡತಿ ಎರಡು ಸಲ ಬಂದು ಉಪ್ಪಿಟ್ಟು ಆರುತ್ತಿದೆ ಅಂದಳು. ಮಾವ ಕೈಯಲ್ಲೇ ಅವಳಿಗೆ ಸುಮ್ಮನಿರಲು ಹೇಳಿದರು. ನಾನಿನ್ನೂ ಮೊದಲ ಪುಟ ದಾಟಿರಲಿಲ್ಲ.