ನಾನು ಕೆಡಿಸಿದ ಹರಳು

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬೆಳಗಾವಿಯ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿ ಸೇವೆ ಮುಗಿಸಿದೆ. ಅಲ್ಲಿಗೇ ಪ್ರಾಧ್ಯಾಪಕನಾಗಿ ಬಂದವನು ಪಾರಿಶ್ವಾಡದ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ. ಗಣಿತದಲ್ಲೂ ವಿಜ್ಞಾನದಲ್ಲೂ ನನ್ನ ಅಂಕಗಳು ಅವನಿಗಿಂತ ಹೆಚ್ಚಿದ್ದವು. ಇಷ್ಟು ವಯಸ್ಸಾದ ಮೇಲೂ ಇದನ್ನು ಮೊದಲಿಗೇ ಬರೆದೆ ನೋಡಿ. ನನ್ನ ರೋಗ ಅಷ್ಟು ಹಳೆಯದು.

ನನ್ನ ಅಂಕ ಹೆಚ್ಚಿದ್ದುದನ್ನು ಅವನು ಮರೆಮಾಚಲಿಲ್ಲ. ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ನನ್ನ ಹೆಗಲ ಮೇಲೆ ಕೈ ಹಾಕಿ, "ಇಂವ ಸಾಲ್ಯಾಗ ನನಗಿಂತ ಶಾಣ್ಯಾ ಇದ್ದಾ. ಇವನ ಪಾಟಿ ನೋಡೇ ನಾ ಪಾಸಾಗೀನಿ," ಎನ್ನುತ್ತಿದ್ದ. ಹುಡುಗರು ನಗುತ್ತಿದ್ದರು. "ಸರ್, ಬೀಕರ್ ತೊಳೀಬೇಕ್ರಿ," ಎಂದು ನಾನು ಸಿಂಕಿನ ಕಡೆ ತಿರುಗುತ್ತಿದ್ದೆ. ಅವನದು ಪ್ರೀತಿಯೇ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಲೋಹದ ಲವಣಗಳ ಹರಳು ಬೆಳೆಸುವುದು, ಅದರೊಳಗೆ ಪರಮಾಣುಗಳು ಯಾವ ಸಾಲಿನಲ್ಲಿ, ಎಷ್ಟು ಅಂತರದಲ್ಲಿ ಕೂತಿವೆ ಎಂದು ಕ್ಷ-ಕಿರಣ ಹಾಯಿಸಿ ಪತ್ತೆಮಾಡುವುದು ಅವನ ಕೆಲಸ. ಯಂತ್ರ ಬೆಂಗಳೂರಿನಲ್ಲಿತ್ತು. ಅಲ್ಲಿಗೆ ಕಳಿಸಲು ಬಿರುಕಿಲ್ಲದ ಒಂದೇ ಹರಳು ಬೇಕು. ಲವಣವನ್ನು ಕರಗುವಷ್ಟೂ ಕರಗಿಸಿ, ಸೋಸಿ, ಬೀಕರಿನ ಬಾಯಿಗೆ ಕಾಗದ ಕಟ್ಟಿ, ಸೂಜಿಯಿಂದ ನಾಲ್ಕು ತೂತು ಚುಚ್ಚಿ, ಅಲುಗದ ಮೂಲೆಯಲ್ಲಿಟ್ಟು ವಾರಗಟ್ಟಲೆ ಕಾಯಬೇಕು. "ಇದರಾಗ ಚೂರು ಪುಡಿ ಬಿತ್ತಂದ್ರ ಮುಗೀತು. ಒಂದು ಹರಳಿನ ಬದ್ಲಿ ಸಾವಿರ ರವಾ," ಎಂದು ನನಗೆ ಕಲಿಸಿದವನೂ ಅವನೇ.

ಮೊದಲ ಹರಳಿನ ರಚನೆ ಪರದೇಶದ ಪತ್ರಿಕೆಯಲ್ಲಿ ಅಚ್ಚಾದಾಗ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನನಗೂ ಕೃತಜ್ಞತೆ ಬರೆದಿದ್ದ. "ನಿನ್ನ ಹೆಸರೂ ವಿಮಾನ ಹತ್ತಿತಲೇ!" ಎಂದು ಬಾಯಿಗೆ ಕುಂದಾ ತುರುಕಿದ. ಮನೆಗೆ ಹೋಗಿ ಆ ಪುಟ ನೋಡುತ್ತಲೇ ಕೂತೆ. ತೊಳೆದ ಕೈ ನನ್ನದು, ಸೋಸಿದ ಕೈ ನನ್ನದು. ಮೇಲೆ ಅವನೊಬ್ಬನ ಹೆಸರು.

ಮುಂದೆ ಅವನು ತಾಮ್ರದ ಒಂದು ನೀಲಿ ಲವಣ ಹಿಡಿದ. ಅದರ ಒಳಗನ್ನು ಯಾರೂ ಕಂಡಿರಲಿಲ್ಲ. ದೀಪಾವಳಿ ರಜೆಗೆ ಖಾನಾಪುರದ ಮನೆಗೆ ಹೊರಟವನು ಕೀಲಿ ನನ್ನ ಕೈಗಿಟ್ಟು, "ನೀ ಅದೀ ಅಂದ್ರ ನನಗ ಚಿಂತಿಲ್ಲ," ಎಂದ. ಹರಳು ಜೋಳದ ಕಾಳಿನಷ್ಟಾಗಿತ್ತು. ನಾನು ಕಾಗದ ಬಿಚ್ಚಿ, ಅದೇ ಲವಣದ ಒಂದು ಚಿಟಿಕೆ ಪುಡಿ ಉದುರಿಸಿ, ಮತ್ತೆ ಕಟ್ಟಿದೆ. ಮರುದಿನ ತಳದಲ್ಲಿ ನೀಲಿ ರವೆ. ಬಂದು ನೋಡಿದವನು, "ಥಂಡಿ ಜಾಸ್ತಿ ಆತೇನೋ," ಎಂದ. ನನ್ನ ಮೇಲೆ ಸಂಶಯವೇ ಇಲ್ಲ! ಅವನ ಆ ನಿರಾಳ ಮನಸ್ಸಿಗೂ ಹೊಟ್ಟೆ ಉರಿಯಿತು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ, ಹೀಗೆ ಇನ್ನೆರಡು ಸಲ ಅದನ್ನೇ ಮಾಡಿದೆ. ಅಷ್ಟರಲ್ಲಿ ಬೇರೆ ದೇಶದವರು ಅದೇ ಹರಳಿನ ರಚನೆ ಪ್ರಕಟಿಸಿದರು. ಅವನು ಆ ಲವಣದ ಕೆಲಸ ಬಿಟ್ಟುಬಿಟ್ಟ.

ಈ ಪಾಪ ಹೊತ್ತುಕೊಂಡು ಸಾಯಬಾರದೆಂದು ಕಳೆದ ತಿಂಗಳು ಖಾನಾಪುರದ ರೈಲು ಹತ್ತಿದೆ. ನಿವೃತ್ತನಾದರೂ ಅವನ ಮೇಜಿನ ತುಂಬ ಹಳೆಯ ನೋಟುಬುಕ್ಕುಗಳಿದ್ದವು. ಈಗಿನ ಸಂಶೋಧಕರಿಗಾಗಿ, ಯಾವ ಹರಳು ಯಾಕೆ ಕೆಟ್ಟಿತೆಂದು ಬರೆದಿಡುತ್ತಿದ್ದ. ಅವನನ್ನು ಕೇಳುವವರು ಇನ್ನೂ ಇದ್ದಾರಲ್ಲ ಎಂದು ಆಗಲೂ ಚುಚ್ಚಿತು. ನೀಲಿ ಹರಳು ಕೆಡಿಸಿದವನು ನಾನೇ ಎಂದು ಕಣ್ಣು ತಗ್ಗಿಸಿ ಹೇಳಿದೆ.

ಬರೆಯುವುದನ್ನು ನಿಲ್ಲಿಸಿ, "ಎಷ್ಟು ಸಲ?" ಎಂದ.

"ಒಂದ ಸಲ. ದೀಪಾವಳಿ ರಜಾದಾಗ."

ನೋಟುಬುಕ್ಕು ತೆರೆದು, ಅಲ್ಲಿ ಕಾರಣವೆಂದು ಬರೆದಿದ್ದ 'ಚಳಿ' ಎಂಬ ಪದವನ್ನು ಹೊಡೆದುಹಾಕಿದ. "ಮತ್ತ ಉಳಿದ ಎರಡು ನಂದ ತಪ್ಪು ಅನ್ನು," ಎಂದು ಆ ಪುಟಗಳನ್ನು ಹಾಗೆಯೇ ಬಿಟ್ಟ.

ವಾಪಸಾಗುವಾಗ ರೈಲಿನಲ್ಲಿ ಕೂತಿರಲಾಗಲಿಲ್ಲ. ನನ್ನ ಚಿಟಿಕೆಯನ್ನು ಅವನು ತನ್ನ ತಪ್ಪೆಂದು ಮಂದಿಗೆ ಕಲಿಸುತ್ತಾನೆ. ನಡುವಿನ ನಿಲ್ದಾಣ ದೇಸೂರಿನಲ್ಲಿ ಇಳಿದು, ಬಸ್ಸು ಹಿಡಿದು ಅವನ ಬಾಗಿಲಿಗೆ ಮರಳಿದೆ.

"ಏನ್ ಬಿಟ್ಟು ಹೋಗಿದ್ದಿ?"

"ಒಂದ ಸಲ ಅಲ್ಲ. ಮೂರೂ ನಾನ ಮಾಡಿದ್ದು."

"ಯಾಕಲೇ?"

"ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ."

ನೋಟುಬುಕ್ಕನ್ನೂ ಪೆನ್ನನ್ನೂ ನನ್ನ ಕಡೆ ನೂಕಿದ. "ನೀನ ಬರಿ."

ಅವನು ಹಾಗೆಯೇ ಬಿಟ್ಟಿದ್ದ ಎರಡೂ ಪುಟಗಳಲ್ಲಿ, ಪುಡಿ ಯಾರು ಹಾಕಿದರು, ಎಷ್ಟು ಹಾಕಿದರು ಎಂದು ಬರೆದೆ. ಅವನು ಕನ್ನಡಕ ಏರಿಸಿ ಓದಿ, "ಚಿಟಿಕಿ ಅಂದ್ರ ಎಷ್ಟು?" ಎಂದು ಕೇಳಿದ. ಬೆರಳು ತೋರಿಸಿದೆ. ಅದನ್ನೂ ಬರೆದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತು ಜಗುಲಿಯಲ್ಲಿ ಕಾದೆ. ಅವನು ಹೊರಗೆ ಬರಲಿಲ್ಲ.